ಮುದಿ ನಾಯಿಯ ದವಾಖಾನೆ ಬಿಲ್ಲಿಗೆ ದುಡ್ಡು ಹೊಂದಿಸುವುದು ಹೇಗೆ

"ಹನ್ನೊಂದು ವರ್ಷದ ನಾಯಿ. ಇನ್ನ ಎಷ್ಟ್ ದಿನ ಇದ್ದೀತು ತಂಗಿ? ಅದಕ್ಕ ಮೂವತ್ತು ಸಾವಿರ ಸುರೀತಿ?"

ಹೀಗೆ ಕೇಳಿದ್ದು ನಮ್ಮ ಹಳೇ ಓಣಿಯ ಕಾಕಾ. ಮೂರು ದಿನ ಬಿಟ್ಟು ಅದೇ ಕಾಕಾ ಬಾಗಿಲಿಗೆ ಬಂದು ಐನೂರರ ನೋಟು ಕೈಗಿಟ್ಟರು. "ನನ್ನ ಹೆಸರೂ ಪಟ್ಟಿಯೊಳಗ ಬರಕೋ" ಅಂದು ಹೋದರು. ಅವರ ಮನಸ್ಸು ಕರಗುವ ಮಾತೇನೂ ನಾನು ಆಡಿರಲಿಲ್ಲ. ನಡುವೆ ಒಂದು ಲೆಕ್ಕದ ಹಾಳೆ ಅವರ ಕೈಗೆ ಸಿಕ್ಕಿತ್ತು, ಅಷ್ಟೇ. ಆ ಹಾಳೆ ಹೇಗೆ ತಯಾರಾಯಿತು, ದುಡ್ಡು ಎಲ್ಲೆಲ್ಲಿಂದ ಬಂತು, ಎಲ್ಲಿ ಎಡವಿದೆ ಅನ್ನೋದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ವಯಸ್ಸಾದ ನಾಯಿ ಇರುವವರಿಗೆ ಇವತ್ತಲ್ಲ ನಾಳೆ ಬೇಕಾಗಬಹುದು.

ನಾನು ಬಾಗಲಕೋಟೆಯ ನವನಗರದಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಚಂದ್ರಿ ನಮ್ಮ ಮುಧೋಳ ನಾಯಿ. ಕಳೆದ ಮಳೆಗಾಲದಲ್ಲಿ ಒಂದು ವಾರ ಊಟ ಬಿಟ್ಟಳು, ನೀರು ಮಾತ್ರ ಬಕೆಟ್‌ಗಟ್ಟಲೆ ಕುಡಿದಳು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದೆವು. ಸ್ಕ್ಯಾನ್ ಮಾಡಿಸಿದಾಗ ಗರ್ಭಚೀಲದ ತುಂಬ ಕೀವು. ಡಾಕ್ಟರು ಇದಕ್ಕೆ ಪಯೋಮೆಟ್ರಾ ಅಂತಾರೆ. ಗರ್ಭಚೀಲ ತೆಗೆಸದ ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ, ಬೆದೆ ಮುಗಿದು ಕೆಲವು ವಾರಕ್ಕೆ ಇದು ಬರಬಹುದು. ಬಾಯಿ ಮುಚ್ಚಿಕೊಂಡ ಗರ್ಭಚೀಲವಾದರೆ ಹೊರಗೆ ಏನೂ ಸೋರುವುದಿಲ್ಲ, ಒಳಗೇ ವಿಷವಾಗುತ್ತದೆ. ಕಿಡ್ನಿಗೂ ಪೆಟ್ಟು. ಚಿಕ್ಕವಳಿದ್ದಾಗಲೇ ಗರ್ಭಚೀಲ ತೆಗೆಸಿದ್ದರೆ ಈ ಬರಹವೇ ಬೇಕಿರಲಿಲ್ಲ. ಮರಿ ಹಾಕಿಸೋಣ ಅನ್ನೋ ಆಸೆಯಲ್ಲಿ ನಾವೇ ಬಿಟ್ಟೆವು.

ಖರ್ಚು ಎರಡು ಜಾತಿ, ಮೊದಲು ಬೇರೆ ಮಾಡಿ

ಮುದಿ ನಾಯಿಯ ಖರ್ಚಿನಲ್ಲಿ ಒಂದೇ ಸಲ ಬಂದು ಹೋಗುವುದು ಒಂದು: ಆಪರೇಷನ್, ಹಲ್ಲು ಕೀಳಿಸುವುದು, ಗಡ್ಡೆ ತೆಗೆಸುವುದು. ಇನ್ನೊಂದು ಪ್ರತಿ ತಿಂಗಳು ಬರುವುದು: ಕಿಡ್ನಿ, ಹೃದಯ, ಕೀಲುನೋವಿನ ಮಾತ್ರೆ, ಡ್ರಿಪ್, ರಕ್ತಪರೀಕ್ಷೆ.

ಮೊದಲನೆಯದಕ್ಕೆ ಜನರನ್ನು ಕೇಳಬಹುದು. ಎರಡನೆಯದಕ್ಕೆ ಕೇಳಬೇಡಿ. ಇದು ನನ್ನ ಅಭಿಪ್ರಾಯ, ಆದರೆ ಗಟ್ಟಿ ಅಭಿಪ್ರಾಯ. ಒಂದು ಸಲ ಐನೂರು ಕೊಟ್ಟವರು ಖುಷಿಯಿಂದ "ಚಂದ್ರಿ ಹೆಂಗದಾಳ?" ಅಂತ ಕೇಳುತ್ತಾರೆ. ಪ್ರತಿ ತಿಂಗಳು ಕೈಯೊಡ್ಡಿದರೆ ಸಂತೆಯಲ್ಲಿ ನಮ್ಮನ್ನು ನೋಡಿ ಆಚೆ ಸಾಲಿಗೆ ಹೋಗುತ್ತಾರೆ. ತಿಂಗಳ ಖರ್ಚಿಗೆ ದುಡಿಮೆಯೋ ಉಳಿತಾಯವೋ ಬೇಕು. ಅದರ ದಾರಿ ಕೊನೆಗೆ ಹೇಳುತ್ತೇನೆ.

ಇನ್ನೊಂದು ಮಾತು. ಪಯೋಮೆಟ್ರಾದಂಥ ತುರ್ತಿಗೆ ದುಡ್ಡು ಕೂಡಲಿ ಅಂತ ಕಾಯುತ್ತಾ ಕೂರಬಾರದು. ಕೈಯಲ್ಲಿದ್ದದ್ದರಿಂದ ಚಿಕಿತ್ಸೆ ಶುರು ಮಾಡಿಸಿ, ಉಳಿದದ್ದನ್ನು ಆಮೇಲೆ ಹೊಂದಿಸಬೇಕು.

ಡಾಕ್ಟರ ಹತ್ತಿರ ಅಂದಾಜು ಬರೆಸಿಕೊಳ್ಳಿ

"ಎಷ್ಟಾಗಬಹುದು ಸರ?" ಅಂದರೆ "ಇಪ್ಪತ್ತು-ಇಪ್ಪತ್ತೈದು ಆಗಬಹುದು ನೋಡ್ರಿ" ಅನ್ನುವ ಉತ್ತರ ಬರುತ್ತದೆ. ಅದು ಸಾಲದು. ಮೊದಲು ಹೋದ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ನಮಗೆ ಸಿಕ್ಕದ್ದು ಸಣ್ಣ ಚೀಟಿ. ಅದರ ಮೇಲೆ ಒಂದೇ ಸಾಲು: ಒಟ್ಟು ಇಷ್ಟು. ಯಾವುದಕ್ಕೆ ಎಷ್ಟು ಅಂತ ಇಲ್ಲ. ಅದನ್ನು ಯಾರಿಗೂ ತೋರಿಸಲಾಗಲಿಲ್ಲ.

ಲೆಟರ್‌ಹೆಡ್ ಮೇಲೆ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ನಾಚಿಕೆ ಬೇಡ, ಕೇಳಿದರೆ ಬರೆದುಕೊಡುತ್ತಾರೆ. ಅದಕ್ಕೆ ಓಡಾಟದ ಖರ್ಚು ನೀವೇ ಸೇರಿಸಿ. ನಮ್ಮ ಹಾಳೆ ಹೀಗಿತ್ತು:

ರಕ್ತಪರೀಕ್ಷೆ: 1,400
ಸ್ಕ್ಯಾನ್: 1,000
ಆಪರೇಷನ್, ಅರಿವಳಿಕೆ ಸೇರಿ: 14,000
ಮೂರು ದಿನದ ಡ್ರಿಪ್, ಇಂಜೆಕ್ಷನ್: 4,500
ಬೆಳಗಾವಿಗೆ ಓಮ್ನಿ ಬಾಡಿಗೆ, ಹೋಗಿ ಬರಲು: 4,500
ಉಳಿಯಲು, ಊಟಕ್ಕೆ: 1,600
ಕೈಮೀರಿದರೆ ಅಂತ: 3,000
ಒಟ್ಟು: 30,000

ಇವು ನಮ್ಮ ಒಂದು ಬಿಲ್ಲಿನ ಅಂಕಿ. ನಿಮ್ಮ ಊರು, ನಿಮ್ಮ ನಾಯಿಯ ತೂಕ, ರೋಗ ನೋಡಿ ಬದಲಾಗುತ್ತವೆ. ಆದರೆ ಕೊನೆಯಿಂದ ಎರಡನೇ ಸಾಲನ್ನು ಬಿಡಬೇಡಿ. ಎರಡನೇ ಸಲ ಕೇಳುವ ಕಷ್ಟ ಅದರಿಂದ ತಪ್ಪುತ್ತದೆ. ನಮಗೆ ಒಂದು ದಿನದ ಡ್ರಿಪ್ ಜಾಸ್ತಿಯಾಗಿ 1,300 ಅಲ್ಲೇ ಹೋಯಿತು.

ಅದೇ ಹೊತ್ತಿಗೆ ಡಾಕ್ಟರನ್ನು ಇನ್ನೂ ಮೂರು ಮಾತು ಕೇಳಿ. ಮಾಡಿಸಿದರೆ ಎಷ್ಟು ಕಾಲ ಚೆನ್ನಾಗಿ ಇರಬಹುದು? ಮಾಡಿಸದಿದ್ದರೆ ಏನು? ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇದೆಯೇ? ಎರಡನೇ ಪ್ರಶ್ನೆ ಕೇಳುವಾಗ ನನ್ನ ಗಂಟಲು ಕಟ್ಟಿತು. ಕೇಳಿದ್ದು ಒಳ್ಳೆಯದಾಯಿತು. "ಮೂರ್ನಾಲ್ಕು ದಿನ, ಅದೂ ಒದ್ದಾಟ. ಮಾಡಿಸಿದ್ರ ಕಿಡ್ನಿ ನೋಡಿಕೊಂಡು ವರ್ಷ-ಎರಡು ವರ್ಷ ಆರಾಮ ಇರಬಹುದು" ಅಂದರು. ಕಾಕಾನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಮುಧೋಳ ನಾಯಿ ಇದ್ದವರು ಅರಿವಳಿಕೆಗೆ ಮೊದಲು ತಳಿಯ ಹೆಸರು ಹೇಳಲೇಬೇಕು. ಓಡುವ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟೋನ್‌ನಂಥ ಹಳೇ ಅರಿವಳಿಕೆ ಔಷಧ ಇವುಗಳಿಗೆ ಬೇಗ ಇಳಿಯುವುದಿಲ್ಲ. ಡಾಕ್ಟರಿಗೆ ಗೊತ್ತಿರುತ್ತದೆ, ಆದರೂ ನೆನಪಿಸಿದರೆ ನಷ್ಟವಿಲ್ಲ.

ಬಿಲ್ಲನ್ನೇ ಇಳಿಸುವುದು

ಕೂಡಿಸಿದ ಸಾವಿರಕ್ಕಿಂತ ಉಳಿಸಿದ ಸಾವಿರ ಸುಲಭ.

ಜಿಲ್ಲಾ ಕೇಂದ್ರಗಳಲ್ಲಿ ಪಶುಪಾಲನಾ ಇಲಾಖೆಯ ಪಾಲಿಕ್ಲಿನಿಕ್ ಇರುತ್ತದೆ, ತಾಲೂಕಿನಲ್ಲಿ ಸರ್ಕಾರಿ ಪಶು ಆಸ್ಪತ್ರೆ. ಅಲ್ಲಿ ಖರ್ಚು ಖಾಸಗಿಗಿಂತ ತೀರಾ ಕಡಿಮೆ. ಎಲ್ಲವೂ ಅಲ್ಲಿ ಆಗದಿರಬಹುದು, ಆದರೆ ಡ್ರಿಪ್, ಡ್ರೆಸ್ಸಿಂಗ್, ಹೊಲಿಗೆ ಬಿಚ್ಚುವುದು ಆಗುತ್ತದೆ. ಆಪರೇಷನ್ ಬೆಳಗಾವಿಯಲ್ಲಿ ಮಾಡಿಸಿ, ಹೊಲಿಗೆಯನ್ನು ನಮ್ಮೂರಲ್ಲೇ ಬಿಚ್ಚಿಸಿದೆವು. ಎರಡನೇ ಸಲದ ಓಮ್ನಿ ಬಾಡಿಗೆ ಉಳಿಯಿತು. ಹೀಗೆ ಮಾಡುವುದಾದರೆ ಆಪರೇಷನ್ ಮಾಡಿದ ಡಾಕ್ಟರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಔಷಧ, ದಿನಾಂಕ ಎಲ್ಲ ಬರೆಸಿಕೊಂಡು ಬನ್ನಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ವಿಚಾರ ತಿಳಿಯುತ್ತದೆ. ಹೆಚ್ಚಿನಂಶ ಅದು ದನಕರುಗಳ ಕೆಲಸದಲ್ಲೇ ಇರುತ್ತದೆ. ದೊಡ್ಡ ಆಪರೇಷನ್‌ಗೆ ಗದಗದ ಪಶುವೈದ್ಯಕೀಯ ಕಾಲೇಜಿನಲ್ಲೂ ಒಂದು ಮಾತು ಕೇಳಿ ನೋಡಬಹುದು.

ಔಷಧದಲ್ಲಿ ಉಳಿತಾಯ ಜಾಸ್ತಿ. ನಾಯಿಗೆ ಬರೆಯುವ ಎಷ್ಟೋ ಮಾತ್ರೆ ಮನುಷ್ಯರದ್ದೇ: ಬಿಪಿಯ ಅಮ್ಲೊಡಿಪಿನ್, ಟೆಲ್ಮಿಸಾರ್ಟನ್, ಹೊಟ್ಟೆಯ ಪ್ಯಾಂಟೊಪ್ರಜೋಲ್, ಉಣ್ಣೆ ಜ್ವರಕ್ಕೆ ಡಾಕ್ಸಿಸೈಕ್ಲಿನ್. "ಕಂಪನಿ ಹೆಸರಿನ ಬದಲು ಔಷಧದ ಹೆಸರೇ ಬರೀರಿ ಸರ" ಅಂತ ಕೇಳಿ, ಆ ಚೀಟಿ ಹಿಡಿದು ಜನೌಷಧಿ ಅಂಗಡಿಗೆ ಹೋಗಿ. ಬ್ರ್ಯಾಂಡಿಗಿಂತ ಶೇ 50ರಿಂದ 80ರಷ್ಟು ಅಗ್ಗ ಅಂತ ಸರ್ಕಾರವೇ ಹೇಳುತ್ತದೆ. ನನ್ನ ಅನುಭವವೂ ಅದೇ. ಅಂದಹಾಗೆ, ಮನುಷ್ಯರ ಮಾತ್ರೆಯೇ ಅಲ್ವಾ ಅಂತ ಮನೆಯ ಡಬ್ಬಿಯಿಂದ ನೋವಿನ ಗುಳಿಗೆ ತೆಗೆದು ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಹತ್ತು ರೂಪಾಯಿ ಉಳಿಸಲು ಹೋಗಿ ಹತ್ತು ಸಾವಿರದ ಬಿಲ್.

ಒಂದೇ ಸಲ ಪೂರ್ತಿ ಕಟ್ಟಬೇಕಂತಲೂ ಇಲ್ಲ. "ಅರ್ಧ ಈಗ, ಅರ್ಧ ಹೊಲಿಗೆ ಬಿಚ್ಚೂ ಹೊತ್ತಿಗೆ ಕೊಡ್ತೀನ್ರಿ" ಅಂದೆ. ಡಾಕ್ಟರು ಒಪ್ಪಿದರು. ಹತ್ತು-ಹನ್ನೆರಡು ದಿನ ಸಿಕ್ಕಿತು. ಆ ದಿನದೊಳಗೇ ಫೋನ್‌ಪೇ ಮಾಡಿ ಬಾಕಿ ತೀರಿಸಿದೆ.

ವಿಮೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ನಾಯಿಗೂ ವಿಮೆ ಇದೆ, ಆದರೆ ವಯಸ್ಸಿನ ಮಿತಿ ಇರುತ್ತದೆ. ಆಗಲೇ ಇರುವ ರೋಗಕ್ಕೆ ಹಣ ಸಿಗುವುದಿಲ್ಲ. ಹನ್ನೊಂದು ವರ್ಷದ ನಾಯಿಗೆ ಈಗ ವಿಮೆ ಹುಡುಕುವುದು ದಂಡ. ಮನೆಯಲ್ಲಿ ಮರಿ ಇದ್ದರೆ ಈಗಲೇ ವಿಚಾರಿಸಿ.

"ಮುಧೋಳ ನಾಯಿ ಅಂದ್ಮ್ಯಾಲ ಸರ್ಕಾರದಿಂದ ಏನರ ಬರ್ತದಲ್ಲ?" ಅಂತಲೂ ಕೇಳಿದವರಿದ್ದಾರೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ತಂದಿತು, ಆಮೇಲೆ ಸೈನ್ಯಕ್ಕೂ ಮರಿಗಳು ಹೋದವು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗೇ ಒಂದು ಶ್ವಾನ ಸಂಶೋಧನಾ ಕೇಂದ್ರವಿದೆ. ಆದರೆ ಆ ಕೇಂದ್ರದ ಕೆಲಸ ತಳಿ ಉಳಿಸುವುದು, ನಮ್ಮ ಮನೆಯ ಬಿಲ್ ಕಟ್ಟುವುದಲ್ಲ. ಚಂದ್ರಿ ಸ್ಟಾಂಪ್ ಮೇಲಿನ ನಾಯಿಯ ನೆಂಟಳು, ಅಷ್ಟೇ.

ಮೊದಲು ಮನೆಯ ದುಡ್ಡು

ಜನರನ್ನು ಕೇಳುವ ಮುಂಚೆ ನಮ್ಮ ಪಾಲು ಎಷ್ಟು ಅಂತ ತೀರ್ಮಾನ ಆಗಬೇಕು. ನಮ್ಮ ಪಾಲು ಸೊನ್ನೆ ಇಟ್ಟುಕೊಂಡು ಪಟ್ಟಿ (ಚಂದಾ) ಎತ್ತಿದರೆ ಯಾರೂ ಕೊಡುವುದಿಲ್ಲ. ಕೊಡಲೂಬಾರದು.

ನನ್ನ ಕೈಯಲ್ಲಿ ಆರು ಸಾವಿರ ಇತ್ತು. ನಾವು ಹನ್ನೆರಡು ಮಂದಿ ಹೆಂಗಸರದ್ದು ಒಂದು ಭಿಶಿ ಇದೆ, ತಿಂಗಳಿಗೆ ತಲಾ ಸಾವಿರ, ಕೂಡಿದ್ದು ಪಾಳಿಯಂತೆ ಒಬ್ಬರಿಗೆ. ನನ್ನ ಪಾಳಿ ಬರುವುದು ದೀಪಾವಳಿಗೆ. ಆ ತಿಂಗಳ ಪಾಳಿ ಇದ್ದ ವೈನಿಗೆ ಹೋಗಿ ಕೇಳಿದೆ. "ನಿನ್ನ ಪಾಳಿ ನನಗಿರಲಿ, ನಂದು ನೀ ತಗೋ. ಅದರಾಗೇನದ" ಅಂದರು. ಹನ್ನೆರಡು ಸಾವಿರ ಅದೇ ಸಂಜೆ ಕೈಗೆ ಬಂತು. ಸಾಲವಲ್ಲ, ಬಡ್ಡಿಯಿಲ್ಲ, ನನ್ನದೇ ದುಡ್ಡು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇದಕ್ಕಿಂತ ಚಲೋ ಬ್ಯಾಂಕಿಲ್ಲ.

ಭಿಶಿ ಇಲ್ಲದಿದ್ದರೆ ಪಿಗ್ಮಿ, ಅಂದರೆ ಏಜೆಂಟರ ಕೈಗೆ ದಿನಾ ಕಟ್ಟುವ ಉಳಿತಾಯ, ನೋಡಿ. ಅವಧಿಗೆ ಮೊದಲೇ ತೆಗೆದರೆ ಸೊಸೈಟಿಯವರು ಸ್ವಲ್ಪ ಹಿಡಿದುಕೊಳ್ಳಬಹುದು. ಪಿಗ್ಮಿ ಮೇಲೆ ಸಾಲ ಕೊಡುವ ಸೊಸೈಟಿಯೂ ಇವೆ. ಎರಡರಲ್ಲಿ ಯಾವುದು ಅಗ್ಗ ಅಂತ ಏಜೆಂಟರನ್ನೇ ಕೇಳಿ. ಅದೂ ಆಗದಿದ್ದರೆ ಬ್ಯಾಂಕಿನಲ್ಲಿ ಬಂಗಾರದ ಸಾಲ. ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ, ಐದು ನಿಮಿಷಕ್ಕೆ ಸಾಲ ಕೊಡುವ ಮೊಬೈಲ್ ಆ್ಯಪ್‌ಗಳ ಹತ್ತಿರವೂ ಬೇಡ.

ಪಟ್ಟಿ ಎತ್ತುವುದು

ಬಾಗಲಕೋಟೆ ಅಂದರೆ ಹೋಳಿ ಹುಣ್ಣಿವೆಗೆ ಹಲಗೆ ಬಾರಿಸುತ್ತಾ ಪಟ್ಟಿ ಎತ್ತುವ ಊರು. ಓಣಿಗೆ ಓಣಿಯೇ ಕೊಡುತ್ತದೆ. ಹಾಗಾಗಿ ಕೇಳುವುದು ಸುಲಭ ಅಂದುಕೊಂಡಿದ್ದೆ. ಮೊದಲನೇ ರಾತ್ರಿ ಹನ್ನೊಂದು ಗಂಟೆಗೆ, ಅಳುತ್ತಾ, ನಾಲ್ಕು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ: "ನಮ್ಮ ಚಂದ್ರಿಗೆ ಭಾಳ ಆರಾಮಿಲ್ಲ, ದಯವಿಟ್ಟು ಎಲ್ಲರೂ ಸಹಾಯ ಮಾಡಿ." ಕೆಳಗೆ ಕ್ಯೂಆರ್ ಕೋಡ್, ಡ್ರಿಪ್ ಹಾಕಿದ ಫೋಟೊ. ಬೆಳಗಾಗುವುದರೊಳಗೆ ಕೈಮುಗಿದ ಚಿತ್ರಗಳು ಅರವತ್ತು. ದುಡ್ಡು ಏಳುನೂರು.

ಜನ ಕಲ್ಲು ಮನಸ್ಸಿನವರು ಅಂತಲ್ಲ. ಎಷ್ಟು ಬೇಕು, ತಾನು ಎಷ್ಟು ಕೊಟ್ಟರೆ ಮರ್ಯಾದೆ, ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಅನ್ನೋದು ಅದರಲ್ಲಿ ಇರಲಿಲ್ಲ. ಮರುದಿನ ಮಧ್ಯಾಹ್ನ ಹೀಗೆ ತಿದ್ದಿ ಬರೆದೆ:

"ಎಲ್ಲರಿಗೂ ನಮಸ್ಕಾರ. ಚಂದ್ರಿಗೆ (11 ವರ್ಷ) ಗರ್ಭಚೀಲದಲ್ಲಿ ಕೀವು ತುಂಬಿದೆ. ನಾಳೆ ಬೆಳಗಾವಿಯಲ್ಲಿ ಆಪರೇಷನ್. ಒಟ್ಟು ಖರ್ಚು 30,000. ನಾವು ಹೊಂದಿಸಿದ್ದು 18,000. ಕಡಿಮೆ ಬಿದ್ದದ್ದು 12,000. ಐನೂರರಂತೆ 24 ಮಂದಿ ಆದರೆ ಸಾಕು. ನೂರು ಕೊಟ್ಟರೂ ಸಂತೋಷ, ಆಗದಿದ್ದರೆ ಬೇಜಾರಿಲ್ಲ. ಡಾಕ್ಟರು ಬರೆದ ಹಾಳೆ ಕೆಳಗಿದೆ. 12,000 ಆದ ಕೂಡಲೇ ಇಲ್ಲೇ ತಿಳಿಸಿ ನಿಲ್ಲಿಸುತ್ತೇನೆ. ಉಳಿದರೆ ಅವಳ ಕಿಡ್ನಿ ತಪಾಸಣೆಗೆ. ಅವಳು ಉಳಿಯದಿದ್ದರೆ ನಮ್ಮ ಸೆಕ್ಟರಿನ ಬೀದಿನಾಯಿಗಳ ರೇಬಿಸ್ ಲಸಿಕೆಗೆ. ಲೆಕ್ಕ ಭಾನುವಾರ ಹಾಕುತ್ತೇನೆ."

"ಅವಳು ಉಳಿಯದಿದ್ದರೆ" ಅನ್ನುವ ಸಾಲು ಬರೆಯಲು ಹತ್ತು ನಿಮಿಷ ಬೇಕಾಯಿತು. ಅಪಶಕುನ ಅಂತ ಅವ್ವ ಬೈದಳು. ಆದರೂ ಬಿಡಬೇಡಿ. ಮುದಿ ನಾಯಿಯ ವಿಷಯದಲ್ಲಿ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಅದು. ಆಮೇಲೆ ಹೇಳಿದರೆ ಜಗಳ, ಮೊದಲೇ ಹೇಳಿದರೆ ನಂಬಿಕೆ.

ಫೋಟೊ ಎರಡು ಸಾಕು. ಡಾಕ್ಟರ ಹಾಳೆ ಒಂದು. ಅದರಲ್ಲಿ ಅವರ ಫೋನ್ ನಂಬರ್ ಮುಚ್ಚಿ, ಹಾಕಲು ಅವರ ಒಪ್ಪಿಗೆ ಕೇಳಿ. ಇನ್ನೊಂದು ನಾಯಿ ಗಟ್ಟಿಮುಟ್ಟಾಗಿದ್ದಾಗಿನದು. ಚಂದ್ರಿ ಕಟ್ಟೆಯ ಮೇಲೆ ಅವ್ವನ ಪಕ್ಕ ಕೂತು ರೊಟ್ಟಿ ಕಾಯುತ್ತಿರುವ ಫೋಟೊ ಹಾಕಿದೆ. ರಕ್ತ, ಕೀವು, ಸೂಜಿ ಚುಚ್ಚಿದ ಕಾಲು ಬೇಡ. ನೋಡಿದವರು ಫೋನ್ ತಿರುವಿ ಇಡುತ್ತಾರೆ.

ಎಲ್ಲಿ ಕಳಿಸಬೇಕು ಅನ್ನೋದೂ ಮುಖ್ಯ. ದೊಡ್ಡ ಗ್ರೂಪಿಗಿಂತ ಒಬ್ಬೊಬ್ಬರಿಗೆ ಕಳಿಸಿದ್ದು ಕೆಲಸ ಮಾಡಿತು. ಒಂದು ಹಾಳೆಯಲ್ಲಿ ನಾಯಿಯನ್ನು ಕಂಡವರ ಹೆಸರು ಬರೆದುಕೊಂಡೆ, ಅವಳ ಬಾಲ ನೋಡಿದವರು, ಅವಳಿಗೆ ಬಿಸ್ಕೀಟು ಹಾಕಿದವರು. ನವನಗರ ಹಳೇ ಬಾಗಲಕೋಟೆಯಂತಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ ಹೋದವರೆಲ್ಲ ಸೆಕ್ಟರ್ ಸೆಕ್ಟರ್ ಚದುರಿದ್ದಾರೆ. ಆದರೆ ಹಳೇ ಓಣಿಯವರ ಗ್ರೂಪ್ ಇವತ್ತಿಗೂ ಗಟ್ಟಿ. ಹನ್ನೊಂದು ಮಂದಿ ಅಲ್ಲಿಂದಲೇ ಬಂದರು. ಕುಬಸ ಹೊಲಿಸುವ ಗಿರಾಕಿಗಳಲ್ಲಿ ಎಂಟು ಮಂದಿ. ಬೆಂಗಳೂರು, ಪುಣೆಯಲ್ಲಿರುವ ಅಕ್ಕನ ಮಕ್ಕಳು ದೊಡ್ಡ ಮೊತ್ತ ಹಾಕಿದರು. ಪರಿಚಯವೇ ಇಲ್ಲದವರಿಂದ ಬಂದದ್ದು 350 ರೂಪಾಯಿ.

ನೆನಪಿಸುವುದು ಒಂದೇ ಸಲ, ಎರಡು ದಿನ ಬಿಟ್ಟು. "7,500 ಆಗಿದೆ, ಇನ್ನು 9 ಮಂದಿ ಬೇಕು" ಅಂತ ಅಂಕಿಯ ಜೊತೆ. ಅದಕ್ಕಿಂತ ಜಾಸ್ತಿ ಬೇಡ.

ಆನ್‌ಲೈನ್ ದೇಣಿಗೆ ತಾಣ ಬೇಕೇ?

ಮಿಲಾಪ್, ಕೆಟ್ಟೋದಂಥ ತಾಣಗಳಲ್ಲಿ ಪ್ರಾಣಿಗಳ ಚಿಕಿತ್ಸೆಗೂ ಹಣ ಎತ್ತಬಹುದು. ಗುರುತಿನ ಚೀಟಿ, ಬ್ಯಾಂಕ್ ವಿವರ, ಆಸ್ಪತ್ರೆಯ ಅಂದಾಜು ಕೇಳುತ್ತಾರೆ. ಬಿಲ್ ಲಕ್ಷದ ಹತ್ತಿರ ಹೋದರೆ, ಹೊರಊರಲ್ಲಿ ಪರಿಚಯ ಜಾಸ್ತಿ ಇದ್ದರೆ ಇದು ಒಳ್ಳೆಯದು. ಹತ್ತು-ಹದಿನೈದು ಸಾವಿರಕ್ಕೆ ಬೇಕಿಲ್ಲ. ಕೊಡುವವರ ಪರದೆಯ ಮೇಲೆ ತಾಣಕ್ಕೆ "ಟಿಪ್" ಕೊಡಿ ಅಂತ ಬರುತ್ತದೆ. ಅದು ಕಡ್ಡಾಯವಲ್ಲ ಅಂತ ನಿಮ್ಮವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಐನೂರು ಅಂದುಕೊಂಡವರು ಆರುನೂರು ಕಟ್ಟಿ ಆಮೇಲೆ ನಿಮ್ಮನ್ನೇ ಕೇಳುತ್ತಾರೆ. ತಾಣದಲ್ಲಿ ಹಾಕಿದರೂ ಮೊದಲ ದಿನ ಕೊಡುವವರು ನಿಮ್ಮವರೇ.

ಪ್ರಾಣಿದಯಾ ಸಂಘಗಳನ್ನೂ ಕೇಳಬಹುದು. ಅವರ ದುಡ್ಡು ಹೆಚ್ಚಾಗಿ ಬೀದಿನಾಯಿಗಳಿಗೆ. ಮನೆ ನಾಯಿಗೆ ಇಲ್ಲ ಅಂದರೆ ಸಿಟ್ಟು ಮಾಡಿಕೊಳ್ಳಬೇಡಿ. ಕಡಿಮೆ ದರದ ಡಾಕ್ಟರು ಯಾರು ಅನ್ನೋದು ಅವರಿಗೆ ಗೊತ್ತಿರುತ್ತದೆ, ಅದನ್ನು ಕೇಳಿಕೊಳ್ಳಿ.

ಖಾತೆ, ಮೋಸ, ತೆರಿಗೆ

ಮನೆಯಲ್ಲಿ ಬಳಸದ ಒಂದು ಉಳಿತಾಯ ಖಾತೆ ಇದ್ದರೆ ಅದರ ಯುಪಿಐ ಕೊಡಿ. ಕಿರಾಣಿ, ಕರೆಂಟ್ ಬಿಲ್ ಅದರಲ್ಲಿ ಸೇರದಿದ್ದರೆ ಖಾತೆಯ ಸ್ಟೇಟ್‌ಮೆಂಟೇ ಲೆಕ್ಕದ ಪುಸ್ತಕವಾಗುತ್ತದೆ. ನಗದು ಕೊಟ್ಟವರ ಹೆಸರು ಅವರೆದುರೇ ಬರೆದುಕೊಳ್ಳಿ. ಕಾಕಾ ನಿಂತು ನೋಡಿ ಹೋದರು.

ನಂಬರ್ ಊರೆಲ್ಲ ಓಡಾಡಿದ ಮೇಲೆ ಕಳ್ಳರ ಫೋನೂ ಬರುತ್ತದೆ. ನನಗೂ ಬಂತು: "ಮೇಡಂ, ನಾವು ಮಿಲಿಟರಿಯಿಂದ, ನಿಮ್ಮ ನಾಯಿಗೆ ಹತ್ತು ಸಾವಿರ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ." ಮುಧೋಳ ನಾಯಿ ಅಂದದ್ದಕ್ಕೆ ಮಿಲಿಟರಿ! ದುಡ್ಡು ಬರಬೇಕಾದರೆ ನೀವು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ತೆರಿಗೆಯದ್ದು ಒಂದೇ ಮಾತು. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ ಹಣ 50,000 ದಾಟಿದರೆ ಅಷ್ಟೂ ನಿಮ್ಮ ಆದಾಯಕ್ಕೆ ಸೇರುತ್ತದೆ. ಸೋದರಮಾವ, ಚಿಕ್ಕಪ್ಪ, ಅತ್ತೆ ಕಾನೂನಿನ ಕಣ್ಣಲ್ಲಿ ಸಂಬಂಧಿಕರು, ಅವರ ಮಕ್ಕಳು ಅಲ್ಲ. ಅಷ್ಟು ದೊಡ್ಡ ಮೊತ್ತ ಎತ್ತುವುದಿದ್ದರೆ ಮೊದಲೇ ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿ. ನಿಮಗೆ ಕೊಟ್ಟವರಿಗೆ ದೇಣಿಗೆಯ ತೆರಿಗೆ ರಿಯಾಯಿತಿ ಇಲ್ಲ, ಅದು ನೋಂದಾಯಿತ ಸಂಸ್ಥೆಗೆ ಕೊಟ್ಟರೆ ಮಾತ್ರ.

ಭಾನುವಾರದ ಲೆಕ್ಕ

ನಮಗೆ ಬಂದದ್ದು ಒಟ್ಟು 13,850. ಹನ್ನೆರಡು ದಾಟಿದ ಕೂಡಲೇ "ಸಾಕು" ಅಂತ ಹಾಕಿದರೂ ಕೆಲವರು ಕಳಿಸಿದರು. ನಮ್ಮ 18,000 ಸೇರಿ 31,850. ಖರ್ಚಾದದ್ದು 28,300. ಉಳಿದದ್ದು 3,550. ಇದನ್ನು ಬಿಲ್ಲುಗಳ ಫೋಟೊ ಜೊತೆ ಎರಡು ಭಾನುವಾರ ಹಾಕಿದೆ. ಓಮ್ನಿ ಡ್ರೈವರ್ ಕೈಬರಹದಲ್ಲಿ ಕೊಟ್ಟ ಚೀಟಿಯನ್ನೂ ಬಿಡಲಿಲ್ಲ. ಕೊಟ್ಟವರ ಹೆಸರಿನ ಮುಂದೆ ಮೊತ್ತ ಬರೆದು ಗ್ರೂಪಿಗೆ ಹಾಕಬೇಡಿ. ನೂರು ಕೊಟ್ಟವರಿಗೆ ಸಣ್ಣದನಿಸುತ್ತದೆ. ಹೆಸರು ಬೇರೆ, ಒಟ್ಟು ಮೊತ್ತ ಬೇರೆ.

ತಿಂಗಳ ಖರ್ಚು: ದಿನಕ್ಕೊಂದು ಪರ್ಸ್

ಆಪರೇಷನ್ ಆದ ಮೇಲೂ ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಪೂರ್ತಿ ಇಳಿಯಲಿಲ್ಲ. ಕಿಡ್ನಿಯ ಮುಕ್ಕಾಲು ಭಾಗ ಸೋತ ಮೇಲೆಯೇ ರಕ್ತದಲ್ಲಿ ಅದು ಏರುವುದಂತೆ. ಅಂದರೆ ಇನ್ನು ಬದುಕಿರುವವರೆಗೂ ಔಷಧ. ಲೆಕ್ಕ ಹಾಕಿದೆವು: ಮಾತ್ರೆ 650, ವಾರಕ್ಕೆ ಎರಡು ಬಾಟಲಿ ರಿಂಗರ್ ಲ್ಯಾಕ್ಟೇಟ್ (ಡ್ರಿಪ್ಪಿನ ನೀರು) 480, ಸೂಜಿ-ನಳಿಕೆ 170, ಬೇರೆ ಊಟ 500. ತಿಂಗಳಿಗೆ 1,800.

ನನ್ನ ಹತ್ತಿರ ಗುಳೇದಗುಡ್ಡ ಖಣದ ತುಂಡುಗಳು ಬೇಕಾದಷ್ಟು. ಕುಬಸ ಕತ್ತರಿಸಿ ಉಳಿದವು, ಮೂಲೆಯ ಚೀಲದಲ್ಲಿ ಬಿದ್ದಿದ್ದವು. ಅವುಗಳಲ್ಲಿ ಸಣ್ಣ ಪರ್ಸ್ ಹೊಲಿದೆ. ಅಸ್ತರು, ಜಿಪ್ಪಿಗೆ 20 ರೂಪಾಯಿ, ಮಾರುವುದು 80ಕ್ಕೆ. ಒಂದಕ್ಕೆ 60 ಉಳಿಯುತ್ತದೆ. ದಿನಕ್ಕೊಂದು ಹೊಲಿದರೆ ತಿಂಗಳಿಗೆ 1,800, ಸರಿಹೋಯಿತು. ನಿಮಗೆ ಹೊಲಿಗೆ ಬರದಿದ್ದರೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಡಕ್ ರೊಟ್ಟಿ ಇವೆ. ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಕಾದು ತಗೊಳ್ಳುತ್ತಾರೆ. ತಿನ್ನುವುದನ್ನು ಸತತ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಳ್ಳಿ. ಒಂದು ಎಚ್ಚರ: "ನಾಯಿ ಸಲುವಾಗಿ ತಗೋರಿ" ಅಂತ ಮಾರಬೇಡಿ. ಒಂದು ಸಲ ತಗೊಂಡು ಎರಡನೇ ಸಲ ಬರುವುದಿಲ್ಲ. ಪರ್ಸ್ ಚೆಂದ ಇದೆ ಅಂತ ತಗೊಂಡವರು ಮತ್ತೆ ಬರುತ್ತಾರೆ.

ಎರಡು ತಿಂಗಳಿಗೊಮ್ಮೆಯ ರಕ್ತಪರೀಕ್ಷೆಗೆ 1,100. ಅದಕ್ಕೆ ಬೇರೆಯೇ ಪಿಗ್ಮಿ, ದಿನಕ್ಕೆ 20 ರೂಪಾಯಿ. ಅವಧಿ ತುಂಬುವವರೆಗೆ ಮೊದಲಿನ ಪರೀಕ್ಷೆಗಳನ್ನು ಉಳಿದ 3,550ರಲ್ಲಿ ಮಾಡಿಸುತ್ತಿದ್ದೇವೆ.

ದೊಡ್ಡ ಉಳಿತಾಯ ಆದದ್ದು ಡ್ರಿಪ್ಪಿನಲ್ಲಿ. ಕ್ಲಿನಿಕ್‌ಗೆ ಹೋದರೆ ಸಲಕ್ಕೆ 300. ಡಾಕ್ಟರನ್ನು ಕೇಳಿ ಮನೆಯಲ್ಲೇ ಚರ್ಮದ ಕೆಳಗೆ ಕೊಡುವುದನ್ನು ಕಲಿತೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿಟ್ಟು ಬಿಸಿ ಮಾಡಿ, ಬಾಗಿಲ ಮೇಲಿನ ತೋರಣದ ಮೊಳೆಗೆ ತೂಗುಹಾಕುತ್ತೇನೆ. ಭುಜದ ನಡುವಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿದರೆ ಗುಡಾರದ ಹಾಗೆ ಏಳುತ್ತದೆ. ಆ ಗುಡಾರದ ಬಾಯಿಗೆ ಸೂಜಿ. ಮುಧೋಳದ ಚರ್ಮ ತೆಳು, ಒತ್ತಿ ಚುಚ್ಚಿದರೆ ಆಚೆ ಬದಿಗೆ ಬಂದು ನೀರು ಕೂದಲ ಮೇಲೆ ಹರಿಯುತ್ತದೆ. ಮೊದಲ ಸಲ ನನ್ನ ಸೀರೆ ತೊಯ್ದದ್ದು ಹಾಗೆ. ಸರಿಯಾಗಿ ಹೋದರೆ ಬೆನ್ನ ಮೇಲೆ ಒಂಟೆಯ ಡುಬ್ಬದಂತೆ ಉಬ್ಬುತ್ತದೆ, ಕೆಲವು ತಾಸಿನಲ್ಲಿ ಇಳಿಯುತ್ತದೆ. ಎಷ್ಟು ಕೊಡಬೇಕು ಅನ್ನೋದನ್ನು ಡಾಕ್ಟರೇ ಹೇಳಬೇಕು. ಹೃದಯದ ತೊಂದರೆ ಇರುವ ನಾಯಿಗೆ ಇದು ಅಪಾಯ.

ಊಟದಲ್ಲಿ ಹಾಲು ಕಡಿಮೆ ಮಾಡಿಸಿದರು, ಅದರಲ್ಲಿ ರಂಜಕ ಜಾಸ್ತಿ. ರೊಟ್ಟಿ-ಹಾಲಲ್ಲಿ ಬೆಳೆದವಳು, ಮೂರು ದಿನ ಮುನಿಸಿಕೊಂಡಳು. ವಿಜಯಪುರದಿಂದ ಬರುವ ನೆಂಟರಿಗೆ ಬಾಗಿಲಲ್ಲೇ ಹೇಳಿಬಿಡುತ್ತೇನೆ: ನಾಯಿಗೆ ದ್ರಾಕ್ಷಿ ಹಾಕಬೇಡ್ರಿ, ಒಣದ್ರಾಕ್ಷಿಯಂತೂ ಬ್ಯಾಡವೇ ಬ್ಯಾಡ. ಪ್ರೀತಿಯಿಂದ ಹಾಕಿದ ಒಂದು ಹಿಡಿ ನಾಯಿಯ ಕಿಡ್ನಿ ನಿಲ್ಲಿಸಬಲ್ಲದು.

ಎಲ್ಲಿಗೆ ನಿಲ್ಲಿಸಬೇಕು ಅನ್ನೋದನ್ನೂ ಡಾಕ್ಟರ ಜೊತೆ ಕೂತು ಬರೆದಿಟ್ಟಿದ್ದೇವೆ. ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ, ಅದಕ್ಕೇ ಈಗಲೇ. ಹಾಳೆ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದೆ. ಮೂರೇ ಸಾಲು: ತಾನಾಗಿ ಉಣ್ಣುತ್ತಾಳಾ, ಎದ್ದು ಹೊರಗೆ ಹೋಗುತ್ತಾಳಾ, ಬಾಗಿಲ ಸದ್ದಿಗೆ ಕಿವಿ ಎತ್ತುತ್ತಾಳಾ. ದಿನಾ ಸಂಜೆ ಅವ್ವ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾಳೆ. ಮೂರಕ್ಕೆ ಮೂರೂ ಇಲ್ಲ ಅಂತ ಒಂದು ವಾರ ಬಂದರೆ ಹೊಸ ಪರೀಕ್ಷೆ ಇಲ್ಲ, ಹೊಸ ಪಟ್ಟಿ ಇಲ್ಲ, ಡಾಕ್ಟರನ್ನು ಮನೆಗೇ ಕರೆಯುವುದು. ನಿನ್ನೆ ಮೂರರಲ್ಲಿ ಎರಡು ಗುರುತು ಇದ್ದವು. ಅನ್ನ ಅರ್ಧ ಬಿಟ್ಟಿದ್ದಳು, ಪಿಗ್ಮಿಯವನ ಗಾಡಿ ಸದ್ದಿಗೆ ಮಾತ್ರ ಎದ್ದು ಬಾಗಿಲಿಗೆ ಹೋದಳು.